ಡ್ರೈವರ್‌ಗೆ ಕ್ಲಾಕ್ ಕೊಡೋದು ಹೇಗೆ: ಡಿವೈಸ್ ಟ್ರೀಯಿಂದ ಪ್ರೋಬ್ ತನಕ

"ಡ್ರೈವರ್ ಲೋಡ್ ಆಗತ್ತೆ, ಮೊದಲ ರಿಜಿಸ್ಟರ್ ಓದಿದ ತಕ್ಷಣ ಬೋರ್ಡ್ ಹ್ಯಾಂಗ್." "ಸೀರಿಯಲ್ ಕನ್ಸೋಲ್‌ನಲ್ಲಿ ಬರೀ ಕಸ ಬರ್ತಿದೆ." "ಬೂಟ್‌ಲೋಡರ್‌ನಲ್ಲಿ ಡಿಸ್‌ಪ್ಲೇ ಚೆನ್ನಾಗಿತ್ತು, ಕರ್ನಲ್ ಬೂಟ್ ಮುಗಿಯೋ ಹೊತ್ತಿಗೆ ಕಪ್ಪಾಯ್ತು." ಲಿನಕ್ಸ್ ಡ್ರೈವರ್ ಬರೆಯೋಕೆ ಶುರು ಮಾಡಿದವರು ನನ್ನತ್ರ ಮತ್ತೆ ಮತ್ತೆ ಕೇಳೋದು ಈ ಮೂರನ್ನೇ. ಮೂರೂ ಬೇರೆ ಬೇರೆ ಸಮಸ್ಯೆ ಥರ ಕಾಣ್ತವೆ, ಆದ್ರೆ ಹತ್ರಲ್ಲಿ ಏಳೆಂಟು ಸಲ ಕೊನೆಗೆ ಸಿಗೋದು ಕ್ಲಾಕ್ ತಪ್ಪೇ. ಅದಕ್ಕೇ ಒಂದೇ ಕಡೆ ಎಲ್ಲಾ ಬರೆದಿಡೋಣ ಅಂತ ಕೂತೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಫಂಕ್ಷನ್ ಹೆಸರು, ಪ್ರಾಪರ್ಟಿ ಹೆಸರು, ಫೈಲ್ ದಾರಿ ಎಲ್ಲಾ ಇಲ್ಲಿ ಕನ್ನಡ ಲಿಪೀಲೇ ಇದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕ್ಕೊಳಿ. ಫಂಕ್ಷನ್ ಹೆಸರಲ್ಲಿ "ಸಿಎಲ್‌ಕೆ" ಅಂತ ಬಂದ್ರೆ ಅಲ್ಲಿ ಮೂರೇ ಅಕ್ಷರ, ಡಿವೈಸ್ ಟ್ರೀ ಪ್ರಾಪರ್ಟೀಲಿ "ಕ್ಲಾಕ್" ಅಂತ ಬಂದ್ರೆ ಪೂರ್ತಿ ಪದ. ಈ ವ್ಯತ್ಯಾಸಕ್ಕೇ ಎಷ್ಟೋ ಜನ ಎಡವ್ತಾರೆ.

ಏನೇನು ಬೇಕು

ನಿಮ್ಮ ಬೋರ್ಡ್‌ನಲ್ಲಿ ಓಡ್ತಿರೋ ಅದೇ ವರ್ಷನ್ ಕರ್ನಲ್ ಸೋರ್ಸ್, ಬೋರ್ಡ್‌ನ ಸ್ಕೀಮ್ಯಾಟಿಕ್, ಚಿಪ್‌ನ ರೆಫರೆನ್ಸ್ ಮ್ಯಾನ್ಯುಯಲ್ (ಅದರಲ್ಲಿ ಕ್ಲಾಕ್ ಅಧ್ಯಾಯ ಒಂದು ಪ್ರಿಂಟ್ ತಗೊಂಡ್ರೆ ಇನ್ನೂ ಒಳ್ಳೇದು), ಕೆಲಸ ಮಾಡೋ ಸೀರಿಯಲ್ ಕನ್ಸೋಲ್, ಮತ್ತೆ ಕರ್ನಲ್ ಕಾನ್ಫಿಗ್‌ನಲ್ಲಿ ಡೀಬಗ್‌ಎಫ್‌ಎಸ್ (ಕರ್ನಲ್ ಒಳಗಿನ ಸ್ಥಿತಿನ ಫೈಲ್ ಥರ ತೋರಿಸೋ ವ್ಯವಸ್ಥೆ) ಆನ್ ಇರ್ಬೇಕು. ಆಸಿಲೋಸ್ಕೋಪ್ ಇದ್ರೆ ಒಳ್ಳೇದು, ಇಲ್ದಿದ್ರೂ ನಡೆಯತ್ತೆ.

ಪದಗಳು ಸ್ವಲ್ಪ

ಕ್ಲಾಕ್ ಅಂದ್ರೆ ಒಂದೇ ಲಯದಲ್ಲಿ ಮೇಲೆ ಕೆಳಗೆ ಬಡಿಯೋ ಸಿಗ್ನಲ್, ಚಿಪ್ ಒಳಗಿನ ಪ್ರತಿ ಬ್ಲಾಕ್‌ಗೂ ಇದೇ ನಾಡಿ. ಇದು ನಿಂತ್ರೆ ಆ ಬ್ಲಾಕ್ ನಿಂತ ಹಾಗೇ. ಮೂಲದಲ್ಲಿ ಒಂದು ಕ್ರಿಸ್ಟಲ್ ಇರತ್ತೆ, ಉದಾಹರಣೆಗೆ 24 ಮೆಗಾಹರ್ಟ್ಜ್. ಪಿಎಲ್‌ಎಲ್ ಅನ್ನೋದು ಆ ಸಣ್ಣ ವೇಗವನ್ನ ಗುಣಿಸಿ ದೊಡ್ಡದು ಮಾಡೋ ಸರ್ಕ್ಯೂಟ್. ಡಿವೈಡರ್ ಭಾಗಿಸತ್ತೆ. ಮಕ್ಸ್ ಅಂದ್ರೆ ಎರಡು ಮೂರು ಮೂಲಗಳಲ್ಲಿ ಒಂದನ್ನ ಆರಿಸೋ ಸ್ವಿಚ್. ಗೇಟ್ ಅಂದ್ರೆ ನಲ್ಲಿ ಥರ, ಬಿಡೋದು ಇಲ್ಲಾ ನಿಲ್ಲಿಸೋದು. ಇವೆಲ್ಲ ಸೇರಿ ಒಂದು ಮರ ಆಗತ್ತೆ, ಬೇರಲ್ಲಿ ಕ್ರಿಸ್ಟಲ್, ತುದೀಲಿ ನಿಮ್ಮ ಯುಆರ್ಟ್ (ಸೀರಿಯಲ್ ಪೋರ್ಟ್ ನಡೆಸೋ ಬ್ಲಾಕ್), ಎಸ್‌ಪಿಐ (ಪಕ್ಕದ ಚಿಪ್‌ಗಳ ಜೊತೆ ಮಾತಾಡೋ ಬಸ್), ಯುಎಸ್‌ಬಿ.

ಕ್ಲಾಕ್ ಕೊಡೋ ಡ್ರೈವರ್‌ಗೆ ಪ್ರೊವೈಡರ್ ಅಂತಾರೆ, ತಗೊಳ್ಳೋದಕ್ಕೆ ಕನ್ಸ್ಯೂಮರ್. ಇವರಿಬ್ಬರ ಮಧ್ಯೆ ಇರೋದು ಕಾಮನ್ ಕ್ಲಾಕ್ ಫ್ರೇಮ್‌ವರ್ಕ್, ಇದು 2012ರಲ್ಲಿ ಲಿನಕ್ಸ್ 3.4ರಲ್ಲಿ ಬಂತು. ಅದಕ್ಕೂ ಮುಂಚೆ ಒಂದೊಂದು ಚಿಪ್ ಕುಟುಂಬದವರೂ ತಮ್ಮದೇ ಕ್ಲಾಕ್ ಕೋಡ್ ಇಟ್ಕೊಂಡಿದ್ರು, ಹಳೇ ವೆಂಡರ್ ಕರ್ನಲ್‌ನಿಂದ ಕೋಡ್ ಎತ್ಕೊಂಡು ಬಂದ್ರೆ ಅಲ್ಲಿನ ಅಭ್ಯಾಸಗಳು ಇಲ್ಲಿ ಹೊಂದಲ್ಲ.

ಇನ್ನೊಂದು ಗೊಂದಲ: "ಕ್ಲಾಕ್‌ಸೋರ್ಸ್" ಅಂತ ಒಂದೇ ಪದವಾಗಿ ಕರ್ನಲ್‌ನಲ್ಲಿ ಕಂಡ್ರೆ ಅದು ಬೇರೇನೇ. ಅದು ಟೈಮ್ ಎಣಿಸೋಕೆ ಕರ್ನಲ್ ಬಳಸೋ ಕೌಂಟರ್. ನಾವು ಮಾತಾಡ್ತಿರೋದು ಹಾರ್ಡ್‌ವೇರ್ ಬ್ಲಾಕ್‌ಗೆ ಹೋಗೋ ಕ್ಲಾಕ್ ಬಗ್ಗೆ, ಅದರ ಕೋಡ್ ಡ್ರೈವರ್ಸ್/ಸಿಎಲ್‌ಕೆ ಫೋಲ್ಡರ್‌ನಲ್ಲಿದೆ. ಹುಡುಕುವಾಗ ಡ್ರೈವರ್ಸ್/ಕ್ಲಾಕ್‌ಸೋರ್ಸ್ ಒಳಗೆ ಹೋಗ್ಬೇಡಿ.

1. ಮೊದಲು ಪೇಪರ್ ಮೇಲೆ ದಾರಿ ಬರೀರಿ

ಕೋಡ್ ಮುಟ್ಟೋ ಮುಂಚೆ ಈ ಕೆಲಸ ಮಾಡಿ, ದಯವಿಟ್ಟು ಬಿಡ್ಬೇಡಿ. ಸ್ಕೀಮ್ಯಾಟಿಕ್‌ನಲ್ಲಿ ಕ್ರಿಸ್ಟಲ್ ಎಷ್ಟು ಅಂತ ನೋಡಿ, ಅಲ್ಲಿಂದ ನಿಮ್ಮ ಬ್ಲಾಕ್ ತನಕ ಗೆರೆ ಎಳೀರಿ. ಹೀಗೆ: 24 ಮೆಗಾಹರ್ಟ್ಜ್ ಕ್ರಿಸ್ಟಲ್, ಪಿಎಲ್‌ಎಲ್‌ನಲ್ಲಿ 50ರಿಂದ ಗುಣಿಸಿ 1200, ಡಿವೈಡರ್ 12, ಬಂತು 100 ಮೆಗಾಹರ್ಟ್ಜ್, ಆಮೇಲೆ ಗೇಟ್, ಆಮೇಲೆ ಎಸ್‌ಪಿಐ ಕಂಟ್ರೋಲರ್. ಪ್ರತಿ ಹೆಜ್ಜೆ ಪಕ್ಕ ಅದನ್ನ ಹಿಡಿತದಲ್ಲಿಡೋ ರಿಜಿಸ್ಟರ್ (ಸೆಟ್ಟಿಂಗ್ ಬರೆಯೋಕೆ ಚಿಪ್ ಒಳಗಿರೋ ಜಾಗ) ಹೆಸರೂ ಬರ್ಕೊಳಿ.

ಇಲ್ಲೇ ಒಂದು ಮುಖ್ಯ ಸಂಗತಿ ಗೊತ್ತಾಗತ್ತೆ. ತುಂಬಾ ಬ್ಲಾಕ್‌ಗಳಿಗೆ ಒಂದಲ್ಲ, ಎರಡು ಕ್ಲಾಕ್ ಬೇಕು. ಒಂದು ಬಸ್ ಕ್ಲಾಕ್, ಅಂದ್ರೆ ಪ್ರೊಸೆಸರ್ ಬಂದು ರಿಜಿಸ್ಟರ್ ಓದೋಕೆ ಬರೆಯೋಕೆ ಬೇಕಾದ್ದು. ಇನ್ನೊಂದು ಫಂಕ್ಷನಲ್ ಕ್ಲಾಕ್, ಅಂದ್ರೆ ಬ್ಲಾಕ್ ತನ್ನ ನಿಜವಾದ ಕೆಲಸ ಮಾಡೋಕೆ ಬೇಕಾದ್ದು. ಬಸ್ ಕ್ಲಾಕ್ ಇಲ್ದೆ ರಿಜಿಸ್ಟರ್ ಮುಟ್ಟಿದ್ರೆ ಚಿಪ್ ಪ್ರಕಾರ ಎಕ್ಸ್‌ಟರ್ನಲ್ ಅಬಾರ್ಟ್ (ಬಸ್ ಕಡೆಯಿಂದ ಬರೋ ಎರರ್) ಬರತ್ತೆ, ಇಲ್ಲಾ ಉತ್ತರಾನೇ ಬರ್ದೆ ಇಡೀ ಬೋರ್ಡ್ ನಿಂತುಬಿಡತ್ತೆ, ಇಲ್ಲಾ ಬರೀ ಸೊನ್ನೆ ಓದತ್ತೆ. ಫಂಕ್ಷನಲ್ ಕ್ಲಾಕ್ ಇಲ್ದಿದ್ರೆ ರಿಜಿಸ್ಟರ್ ಎಲ್ಲಾ ಸರಿಯಾಗೇ ಕಾಣ್ತವೆ, ಆದ್ರೆ ಡೇಟಾ ಹೊರಗೆ ಬರಲ್ಲ, ಟೈಮ್‌ಔಟ್ ಆಗತ್ತೆ. ಹಾಗಾಗಿ ರೋಗಲಕ್ಷಣ ನೋಡೇ ಯಾವ ಕ್ಲಾಕ್ ಅಂತ ಅರ್ಧ ಊಹಿಸ್ಬೋದು.

2. ಬೋರ್ಡ್ ಮೇಲಿನ ಕ್ರಿಸ್ಟಲ್‌ನ ಡಿವೈಸ್ ಟ್ರೀಲಿ ಬರೀರಿ

ಡಿವೈಸ್ ಟ್ರೀ ಅಂದ್ರೆ ಬೋರ್ಡ್‌ನಲ್ಲಿ ಏನಿದೆ, ಯಾವುದಕ್ಕೆ ಯಾವುದು ವೈರ್ ಆಗಿದೆ ಅಂತ ಕರ್ನಲ್‌ಗೆ ಹೇಳೋ ಫೈಲ್. ವೇಗ ಬದಲಾಗದ ಕ್ರಿಸ್ಟಲ್‌ಗೆ "ಫಿಕ್ಸ್ಡ್-ಕ್ಲಾಕ್" ಅನ್ನೋ ಕಂಪ್ಯಾಟಿಬಲ್ (ಇದು ಯಾವ ಥರದ ಹಾರ್ಡ್‌ವೇರ್ ಅಂತ ಹೇಳೋ ಹೆಸರು) ಇದೆ, ಅದರ ಜೊತೆ ಇನ್ನೆರಡೇ ಪ್ರಾಪರ್ಟಿ ಕಡ್ಡಾಯ:

ಓಎಸ್‌ಸಿ24ಎಂ: ಕ್ಲಾಕ್-24000000 {
  ಕಂಪ್ಯಾಟಿಬಲ್ = "ಫಿಕ್ಸ್ಡ್-ಕ್ಲಾಕ್";
  #ಕ್ಲಾಕ್-ಸೆಲ್ಸ್ = <0>;
  ಕ್ಲಾಕ್-ಫ್ರೀಕ್ವೆನ್ಸಿ = <24000000>;
};

ಕ್ಲಾಕ್-ಸೆಲ್ಸ್ ಸೊನ್ನೆ ಅಂದ್ರೆ ಈ ಪ್ರೊವೈಡರ್ ಹತ್ರ ಇರೋದು ಒಂದೇ ಔಟ್‌ಪುಟ್, ಯಾವುದು ಅಂತ ನಂಬರ್ ಹೇಳೋ ಅಗತ್ಯ ಇಲ್ಲ. ವೇಗ ಹರ್ಟ್ಜ್‌ನಲ್ಲೇ ಬರೀಬೇಕು, 24 ಅಂತಾನೋ 24000 ಅಂತಾನೋ ಬರೆದ್ರೆ ಕಂಪೈಲರ್ ಏನೂ ಹೇಳಲ್ಲ, ಸುಮ್ನೆ ಒಪ್ಕೊಳತ್ತೆ. ಸೊನ್ನೆಗಳನ್ನ ಎಣಿಸಿ, ಆಮೇಲೆ ಇನ್ನೊಂದ್ಸಲ ಎಣಿಸಿ.

ಇಲ್ಲಿ ನಾನು ಗಟ್ಟಿಯಾಗಿ ಹೇಳ್ಬೇಕಾದ ಎಚ್ಚರಿಕೆ ಒಂದಿದೆ. ಡ್ರೈವರ್ ಕ್ಲಾಕ್ ಕೇಳತ್ತೆ, ಪ್ರೊವೈಡರ್ ಡ್ರೈವರ್ ಇನ್ನೂ ಇಲ್ಲ, ಹಾಗಾಗಿ ಸದ್ಯಕ್ಕೆ ಬಾಯಿ ಮುಚ್ಚಿಸೋಣ ಅಂತ ಒಂದು ಸುಳ್ಳು ಫಿಕ್ಸ್ಡ್ ಕ್ಲಾಕ್ ಬರೆದು ಅದನ್ನೇ ಎಸ್‌ಪಿಐಗೋ ಯುಆರ್ಟ್‌ಗೋ ಕೊಟ್ಟುಬಿಡೋ ರೂಢಿ ಇದೆ. ಅವತ್ತು ಕೆಲಸ ಮಾಡತ್ತೆ, ಯಾಕಂದ್ರೆ ಬೂಟ್‌ಲೋಡರ್ ನಿಜವಾದ ಗೇಟ್‌ನ ಆನ್ ಮಾಡಿಟ್ಟಿರತ್ತೆ. ಮುಂದೆ ಯಾವತ್ತೋ ನಿಜವಾದ ಪ್ರೊವೈಡರ್ ಬಂದಾಗ ಕರ್ನಲ್ "ಈ ಗೇಟ್‌ನ ಯಾರೂ ಬಳಸ್ತಿಲ್ಲ" ಅಂತ ಮುಚ್ಚತ್ತೆ, ನಿಮ್ಮ ಬ್ಲಾಕ್ ಸಾಯತ್ತೆ, ಆಗ ಡಿವೈಸ್ ಟ್ರೀ ನೋಡಿದವರಿಗೆ ಎಲ್ಲಾ ಸರಿ ಇದ್ದ ಹಾಗೇ ಕಾಣತ್ತೆ. ನಾನು ಎರಡು ದಿನ ಇಂಥದ್ದೊಂದರ ಹಿಂದೆ ಕಳೆದಿದೀನಿ, ಕೋಡ್‌ನಲ್ಲಿ ಹುಡುಕ್ತಾನೇ ಇದ್ದೆ, ತಪ್ಪು ಇದ್ದಿದ್ದು ಯಾರೋ ಹಿಂದಿನ ವರ್ಷ ಸೇರಿಸಿದ್ದ ನಾಲ್ಕು ಸಾಲಲ್ಲಿ. ಡಿವೈಸ್ ಟ್ರೀಲಿ ವೈರ್ ಹೇಗಿದೆಯೋ ಹಾಗೇ ಬರೀರಿ, ಡ್ರೈವರ್‌ಗೆ ಬೇಕು ಅಂತ ಇಲ್ಲದ್ದನ್ನ ಬರೀಬೇಡಿ.

3. ಕನ್ಸ್ಯೂಮರ್ ನೋಡ್‌ನಲ್ಲಿ ಕ್ಲಾಕ್ ಜೋಡಿಸಿ

ಚಿಪ್ ಒಳಗಿನ ಕ್ಲಾಕ್ ಕಂಟ್ರೋಲರ್‌ಗೆ ಹತ್ತಾರು, ಕೆಲವು ಸಲ ನೂರಾರು ಔಟ್‌ಪುಟ್ ಇರ್ತವೆ, ಹಾಗಾಗಿ ಅದರ ಕ್ಲಾಕ್-ಸೆಲ್ಸ್ ಸಾಮಾನ್ಯವಾಗಿ 1. ಅಂದ್ರೆ ಹೆಸರಿನ (ಕೆಳಗೆ ಸಿಸಿಯು ಅಂತಿರೋದು ಆ ಕ್ಲಾಕ್ ಕಂಟ್ರೋಲರೇ) ಪಕ್ಕ ಒಂದು ನಂಬರ್ ಕೊಡ್ಬೇಕು:

ಕ್ಲಾಕ್ಸ್ = <&ಸಿಸಿಯು 12>, <&ಸಿಸಿಯು 47>;
ಕ್ಲಾಕ್-ನೇಮ್ಸ್ = "ಬಸ್", "ಮಾಡ್";

ಆ 12, 47 ಎಲ್ಲಿಂದ ಬಂತು ಅಂದ್ರೆ, ಕರ್ನಲ್ ಸೋರ್ಸ್‌ನ ಇನ್‌ಕ್ಲೂಡ್/ಡಿಟಿ-ಬೈಂಡಿಂಗ್ಸ್/ಕ್ಲಾಕ್ ಫೋಲ್ಡರ್‌ನಲ್ಲಿ ನಿಮ್ಮ ಚಿಪ್‌ನ ಹೆಡರ್ ಫೈಲ್ ಇರತ್ತೆ. ಬರೀ ನಂಬರ್ ಬದಲು ಅಲ್ಲಿರೋ ಮ್ಯಾಕ್ರೋ ಹೆಸರನ್ನೇ ಬಳಸಿ, ಓದೋವ್ರಿಗೂ ಅರ್ಥ ಆಗತ್ತೆ. ಈ ನಂಬರ್‌ಗೂ ಮ್ಯಾನ್ಯುಯಲ್‌ನ ರಿಜಿಸ್ಟರ್ ಬಿಟ್ ನಂಬರ್‌ಗೂ ಸಂಬಂಧ ಇರಲೇಬೇಕು ಅಂತೇನಿಲ್ಲ, ಬಿಟ್ ನಂಬರ್ ನೋಡಿ ಹಾಕ್ಬೇಡಿ.

ಕ್ಲಾಕ್-ನೇಮ್ಸ್ ಬಗ್ಗೆ ಸರಿಯಾಗಿ ತಿಳ್ಕೊಳಿ. ಇದು ಕ್ಲಾಕ್ ಕೊಡೋ ಕಡೆಯವರು ಇಟ್ಟ ಹೆಸರಲ್ಲ, ತಗೊಳ್ಳೋ ಬ್ಲಾಕ್ ತನ್ನ ಇನ್‌ಪುಟ್ ಪಿನ್‌ಗೆ ಇಟ್ಕೊಂಡಿರೋ ಹೆಸರು. ಅದೇ ಎಸ್‌ಪಿಐ ಬ್ಲಾಕ್ ಬೇರೆ ಚಿಪ್‌ನಲ್ಲಿ ಬೇರೆ ಪಿಎಲ್‌ಎಲ್‌ನಿಂದ ಕ್ಲಾಕ್ ತಗೊಂಡ್ರೂ ಹೆಸರು "ಮಾಡ್" ಅಂತಾನೇ ಇರ್ಬೇಕು, ಆಗಲೇ ಒಂದೇ ಡ್ರೈವರ್ ಎರಡೂ ಕಡೆ ಓಡೋದು. ಹೆಸರುಗಳ ಕ್ರಮ ಮತ್ತೆ ಕ್ಲಾಕ್ಸ್ ಪಟ್ಟಿ ಕ್ರಮ ಒಂದಕ್ಕೊಂದು ಹೊಂದ್ಬೇಕು. ಅದಲುಬದಲಾದ್ರೆ ಎರರ್ ಏನೂ ಬರಲ್ಲ, ಡ್ರೈವರ್ ಬಸ್ ಕ್ಲಾಕ್‌ನ ವೇಗ ಬದಲಿಸೋಕೆ ಹೋಗತ್ತೆ, ಅಲ್ಲಿಂದ ಮುಂದೆ ಆಗೋದೆಲ್ಲ ವಿಚಿತ್ರ.

ಯಾವ ಹೆಸರು ಸರಿ ಅಂತ ಬೈಂಡಿಂಗ್ ಡಾಕ್ಯುಮೆಂಟ್ ಹೇಳತ್ತೆ. ಬೈಂಡಿಂಗ್ ಅಂದ್ರೆ ಒಂದು ಹಾರ್ಡ್‌ವೇರ್‌ನ ಡಿವೈಸ್ ಟ್ರೀಲಿ ಹೇಗೆ ಬರೀಬೇಕು ಅನ್ನೋ ಒಪ್ಪಂದ, ಈಗ ಯಾಮಲ್ ಫೈಲ್ ಆಗಿರತ್ತೆ. "ಮೇಕ್ ಡಿಟಿಬಿಎಸ್_ಚೆಕ್" ಓಡಿಸಿದ್ರೆ ನಿಮ್ಮ ಫೈಲ್ ಆ ಒಪ್ಪಂದಕ್ಕೆ ಹೊಂದತ್ತಾ ಅಂತ ಅದೇ ಹೇಳತ್ತೆ. ಎರಡು ನಿಮಿಷದ ಕೆಲಸ, ಪ್ರತಿ ಸಲ ಮಾಡಿ.

4. ಬೂಟ್ ಟೈಮ್‌ನಲ್ಲೇ ಬೇಕಾದ ವೇಗ ಇದ್ರೆ

ಬೋರ್ಡ್‌ಗೆ ಮಾತ್ರ ಸಂಬಂಧಪಟ್ಟ ವೇಗಾನ ಡ್ರೈವರ್ ಒಳಗೆ ಬರೀಬೇಡಿ. ಅಸೈನ್ಡ್-ಕ್ಲಾಕ್ಸ್, ಅಸೈನ್ಡ್-ಕ್ಲಾಕ್-ಪೇರೆಂಟ್ಸ್, ಅಸೈನ್ಡ್-ಕ್ಲಾಕ್-ರೇಟ್ಸ್ ಅಂತ ಮೂರು ಪ್ರಾಪರ್ಟಿ ಇವೆ. ನಿಮ್ಮ ಡ್ರೈವರ್‌ನ ಪ್ರೋಬ್ (ಡಿವೈಸ್ ಸಿಕ್ಕಾಗ ಅದನ್ನ ಸಿದ್ಧ ಮಾಡೋಕೆ ಕರ್ನಲ್ ಕರೆಯೋ ಫಂಕ್ಷನ್) ಕರೆಯೋ ಮುಂಚೆಯೇ ಕರ್ನಲ್ ಇವನ್ನ ಓದಿ ಪೇರೆಂಟ್ (ಮರದಲ್ಲಿ ಒಂದು ಹೆಜ್ಜೆ ಮೇಲಿರೋ ಕ್ಲಾಕ್) ಮತ್ತೆ ವೇಗ ಸೆಟ್ ಮಾಡಿಬಿಡತ್ತೆ. ಆಡಿಯೋದಲ್ಲಿ ಇದು ತುಂಬಾ ಕೆಲಸಕ್ಕೆ ಬರತ್ತೆ: 48 ಕಿಲೋಹರ್ಟ್ಜ್ ಕುಟುಂಬಕ್ಕೆ 256 ಪಟ್ಟು ಅಂದ್ರೆ 12.288 ಮೆಗಾಹರ್ಟ್ಜ್ ಬೇಕು, 44.1ರ ಕುಟುಂಬಕ್ಕೆ 11.2896. ಎರಡನ್ನೂ ಒಂದೇ ಪಿಎಲ್‌ಎಲ್ ಒಂದೇ ಸೆಟ್ಟಿಂಗ್‌ನಲ್ಲಿ ಪೂರ್ಣಾಂಕದಿಂದ ಭಾಗಿಸಿ ಕೊಡೋದು ಕಷ್ಟ, ಅದಕ್ಕೇ ಎಷ್ಟೋ ಬೋರ್ಡ್‌ನಲ್ಲಿ ಎರಡು ಆಸಿಲೇಟರ್ ಇರ್ತವೆ. ಪಟ್ಟೀಲಿ ಯಾವುದಾದ್ರೂ ಒಂದು ಕ್ಲಾಕ್‌ಗೆ ವೇಗ ಬದಲಿಸೋದು ಬೇಡ ಅಂದ್ರೆ ಆ ಜಾಗದಲ್ಲಿ 0 ಹಾಕಿ, ಅದನ್ನ ಬಿಟ್ಟು ಮುಂದಿನದಕ್ಕೆ ಹೋಗತ್ತೆ.

5. ಡ್ರೈವರ್‌ನಲ್ಲಿ ಕ್ಲಾಕ್ ಕೇಳಿ

ಪ್ರೋಬ್ ಒಳಗೆ ಡೆವ್‌ಎಂ_ಸಿಎಲ್‌ಕೆ_ಗೆಟ್ ಕರೀರಿ, ಎರಡನೇ ಆರ್ಗ್ಯುಮೆಂಟ್ ಆಗಿ "ಬಸ್" ಅಂತ ಹೆಸರು ಕೊಡಿ. ಡೆವ್‌ಎಂ ಅಂತ ಶುರುವಾಗೋ ಫಂಕ್ಷನ್‌ಗಳು ತಗೊಂಡಿದ್ದನ್ನ ಡ್ರೈವರ್ ಹೋಗುವಾಗ ತಾವೇ ವಾಪಸ್ ಮಾಡ್ತವೆ. ಕ್ಲಾಕ್ ಒಂದೇ ಇದ್ರೆ ಹೆಸರಿನ ಜಾಗದಲ್ಲಿ ನಲ್ ಕೊಟ್ರೂ ಆಗತ್ತೆ, ಮೊದಲನೇದು ಸಿಗತ್ತೆ.

ವಾಪಸ್ ಬಂದಿದ್ದನ್ನ ಐಎಸ್_ಎರ್ ಇಂದಾನೇ ಚೆಕ್ ಮಾಡಿ. ಐಎಸ್_ಎರ್_ಆರ್_ನಲ್ ಬಳಸ್ಬೇಡಿ, ಯಾಕಂದ್ರೆ ಕ್ಲಾಕ್ ವಿಷಯದಲ್ಲಿ ನಲ್ ಅನ್ನೋದು ತಪ್ಪಲ್ಲ, "ಇಲ್ಲಿ ಕ್ಲಾಕ್ ಇಲ್ಲ, ಇಲ್ದಿದ್ರೂ ನಡೆಯತ್ತೆ" ಅಂತ ಅರ್ಥ. ನಲ್ ಮೇಲೆ ಎನೇಬಲ್ ಕರೆದ್ರೂ ಸುಮ್ನೆ 0 ಬರತ್ತೆ. ಇದನ್ನೇ ನಂಬ್ಕೊಂಡು ಡೆವ್‌ಎಂ_ಸಿಎಲ್‌ಕೆ_ಗೆಟ್_ಆಪ್ಷನಲ್ ಇದೆ, ಕೆಲವು ಬೋರ್ಡ್‌ನಲ್ಲಿ ಮಾತ್ರ ಇರೋ ಕ್ಲಾಕ್‌ಗೆ ಅದನ್ನ ಬಳಸಿ. ಆದ್ರೆ ಕಡ್ಡಾಯ ಇರೋ ಕ್ಲಾಕ್‌ಗೆ ಆಪ್ಷನಲ್ ಹಾಕಿ ಎರರ್ ಮುಚ್ಚಿಹಾಕೋದು ಬೇಡ, ಹೆಸರಲ್ಲಿ ಒಂದಕ್ಷರ ತಪ್ಪಿದ್ರೂ ಗೊತ್ತಾಗದೆ ಹೋಗತ್ತೆ.

ಎರಡು ಎರರ್ ನಂಬರ್ ನೆನಪಿಟ್ಕೊಳಿ. ಮೈನಸ್ 2 ಬಂದ್ರೆ ಆ ಹೆಸರಿನ ಕ್ಲಾಕ್ ಸಿಗ್ಲಿಲ್ಲ, ಅಕ್ಷರ ತಪ್ಪು ಹುಡುಕಿ. ಮೈನಸ್ 517 ಬಂದ್ರೆ ಅದು ಪ್ರೋಬ್ ಡಿಫರ್, ಅಂದ್ರೆ "ಕೊಡೋವ್ರು ಇನ್ನೂ ಬಂದಿಲ್ಲ, ಆಮೇಲೆ ಬಾ". ಇದು ತಪ್ಪಲ್ಲ, ಆ ನಂಬರನ್ನ ಹಾಗೇ ರಿಟರ್ನ್ ಮಾಡಿ, ಕರ್ನಲ್ ಮತ್ತೆ ನಿಮ್ಮ ಪ್ರೋಬ್ ಕರೆಯತ್ತೆ. ತುಂಬಾ ಜನ ಇದನ್ನ ಮೈನಸ್ 22 ಅಂತಾನೋ ಇನ್ನೇನೋ ಬದಲಿಸಿ ರಿಟರ್ನ್ ಮಾಡಿ, ಡ್ರೈವರ್ ಒಂದ್ಸಲ ಬರತ್ತೆ ಒಂದ್ಸಲ ಬರಲ್ಲ ಅಂತ ತಲೆ ಕೆಡಿಸ್ಕೊತಾರೆ. ಎರರ್ ಪ್ರಿಂಟ್ ಮಾಡೋಕೆ ಡೆವ್_ಎರ್_ಪ್ರೋಬ್ ಬಳಸಿ, ಅದು ಡಿಫರ್ ಆದಾಗ ಲಾಗ್ ತುಂಬಿಸಲ್ಲ, ಕಾರಣ ಮಾತ್ರ ಬರೆದಿಡತ್ತೆ. ಯಾರ್ಯಾರು ಇನ್ನೂ ಕಾಯ್ತಿದಾರೆ ಅಂತ ನೋಡೋಕೆ /ಸಿಸ್/ಕರ್ನಲ್/ಡೀಬಗ್/ಡಿವೈಸಸ್_ಡಿಫರ್ಡ್ ಫೈಲ್ ತೆಗೀರಿ, ಕಾರಣದ ಸಮೇತ ಇರತ್ತೆ.

6. ಆನ್ ಮಾಡಿ, ಎರಡು ಹೆಜ್ಜೇಲಿ

ಕ್ಲಾಕ್ ಆನ್ ಮಾಡೋದು ಒಂದು ಕೆಲಸ ಅಲ್ಲ, ಎರಡು: ಪ್ರಿಪೇರ್ ಆಮೇಲೆ ಎನೇಬಲ್. ಯಾಕೆ ಎರಡು ಅಂದ್ರೆ, ಕೆಲವು ಕ್ಲಾಕ್ ಆನ್ ಆಗೋಕೆ ಸಮಯ ಬೇಕು. ಪಿಎಲ್‌ಎಲ್ ಲಾಕ್ ಆಗೋ ತನಕ ಕಾಯ್ಬೇಕು, ಇಲ್ಲಾ ಕ್ಲಾಕ್ ಚಿಪ್ ಐಸ್ಕ್ವೇರ್‌ಸಿ ಬಸ್ ಆಚೆ ಇದ್ರೆ ಅದರ ಜೊತೆ ಮಾತಾಡ್ಬೇಕು, ಈ ಹೊತ್ತಲ್ಲಿ ಕರೆದ ಕೋಡ್ ನಿದ್ದೆ ಹೋಗ್ಬೋದು (ಪ್ರೊಸೆಸರ್‌ನ ಬೇರೆ ಕೆಲಸಕ್ಕೆ ಬಿಟ್ಟು ಕಾಯತ್ತೆ). ಅದು ಪ್ರಿಪೇರ್‌ನ ಕೆಲಸ. ಎನೇಬಲ್ ಅಂದ್ರೆ ಬರೀ ಗೇಟ್ ಬಿಟ್ ತಿರುಗಿಸೋದು, ತಕ್ಷಣ ಆಗತ್ತೆ, ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಕರೆದ ತಕ್ಷಣ ಓಡೋ, ನಿದ್ದೆ ಹೋಗಬಾರದ ಫಂಕ್ಷನ್) ಒಳಗಿಂದಲೂ ಕರೀಬೋದು. ಒಳಗಡೆ ಪ್ರಿಪೇರ್‌ಗೆ ಮ್ಯೂಟೆಕ್ಸ್ (ನಿದ್ದೆ ಹೋಗಿ ಕಾಯೋ ಬೀಗ) ಇದೆ, ಎನೇಬಲ್‌ಗೆ ಸ್ಪಿನ್‌ಲಾಕ್ (ನಿದ್ದೆ ಹೋಗದೆ ಕಾಯೋ ಬೀಗ).

ಸಾಮಾನ್ಯ ಡ್ರೈವರ್‌ನಲ್ಲಿ ಸಿಎಲ್‌ಕೆ_ಪ್ರಿಪೇರ್_ಎನೇಬಲ್ ಒಂದೇ ಸಾಕು, ಎರಡನ್ನೂ ಮಾಡತ್ತೆ. ಆದ್ರೆ ಇದನ್ನ ಇಂಟರಪ್ಟ್ ಹ್ಯಾಂಡ್ಲರ್ ಒಳಗಾಗಲಿ ಸ್ಪಿನ್‌ಲಾಕ್ ಹಿಡ್ಕೊಂಡಾಗಲಿ ಕರೀಬೇಡಿ. ಕರೆದ್ರೆ "ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್" ಅಂತ ಬೈಗುಳ ಬರತ್ತೆ, ಅದೂ ಅಟಾಮಿಕ್ ಸ್ಲೀಪ್ ಡೀಬಗ್ ಕಾನ್ಫಿಗ್ ಆನ್ ಇದ್ರೆ ಮಾತ್ರ, ಇಲ್ದಿದ್ರೆ ಯಾವತ್ತೋ ಒಂದಿನ ಸುಮ್ನೆ ಲಾಕ್ ಆಗತ್ತೆ. ಡೆವಲಪ್‌ಮೆಂಟ್ ಕರ್ನಲ್‌ನಲ್ಲಿ ಆ ಕಾನ್ಫಿಗ್ ಯಾವಾಗ್ಲೂ ಆನ್ ಇಡಿ.

ರಿಟರ್ನ್ ವ್ಯಾಲ್ಯೂ ಚೆಕ್ ಮಾಡೋದನ್ನ ಬಿಡ್ಬೇಡಿ. ಪ್ರೋಬ್‌ನಲ್ಲಿ ಆನ್ ಮಾಡಿ ಡ್ರೈವರ್ ಇರೋ ತನಕ ಆನ್ ಇರಲಿ ಅಂತಿದ್ರೆ 2022ರಲ್ಲಿ ಸೇರಿದ ಡೆವ್‌ಎಂ_ಸಿಎಲ್‌ಕೆ_ಗೆಟ್_ಎನೇಬಲ್ಡ್ ಇದೆ, ಕೇಳೋದು, ಪ್ರಿಪೇರ್, ಎನೇಬಲ್, ಕೊನೆಗೆ ಆಫ್ ಎಲ್ಲಾ ಅದೇ ನೋಡ್ಕೊಳತ್ತೆ. ಹೊಸ ಡ್ರೈವರ್‌ಗೆ ನಾನು ಇದನ್ನೇ ಹೇಳೋದು. ನಾಲ್ಕೈದು ಕ್ಲಾಕ್ ಇದ್ರೆ ಬಲ್ಕ್ ಅಂತ ಹೆಸರಲ್ಲಿ ಬರೋ ಫಂಕ್ಷನ್‌ಗಳನ್ನ ನೋಡಿ.

7. ವೇಗ ಕೇಳಿ, ಊಹಿಸ್ಬೇಡಿ

ಇಲ್ಲೇ ಸೀರಿಯಲ್ ಕಸದ ಮೂಲ ಇರೋದು, ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ. ಮಾಮೂಲಿ ಯುಆರ್ಟ್ ಪ್ರತಿ ಬಿಟ್‌ಗೂ 16 ಸಲ ಸ್ಯಾಂಪಲ್ ಮಾಡತ್ತೆ, ಹಾಗಾಗಿ ಡಿವೈಡರ್ ಅಂದ್ರೆ ಕ್ಲಾಕ್ ಭಾಗಿಸು (16 ಗುಣಿಸು ಬಾಡ್). ಬಾಡ್ ಅಂದ್ರೆ ಇಲ್ಲಿ ಸೆಕೆಂಡಿಗೆ ಎಷ್ಟು ಬಿಟ್ ಅಂತ. 24 ಮೆಗಾಹರ್ಟ್ಜ್, 115200 ಬಾಡ್: 13.02 ಬರತ್ತೆ, 13 ಹಾಕ್ತೀವಿ, ನಿಜವಾಗಿ ಸಿಗೋ ಬಾಡ್ 115384, ವ್ಯತ್ಯಾಸ 0.16 ಪರ್ಸೆಂಟ್. ಏನೂ ತೊಂದ್ರೆ ಇಲ್ಲ.

ಈಗ ಯಾರೋ ಡಿವೈಸ್ ಟ್ರೀಲಿ 25000000 ಅಂತ ಬರೆದಿದಾರೆ, ಕ್ರಿಸ್ಟಲ್ ಮಾತ್ರ 24ರದ್ದೇ ಅಂದ್ಕೊಳಿ. ಡ್ರೈವರ್ ಲೆಕ್ಕದಲ್ಲಿ 13.56 ಬಂತು, 14 ಅಂತ ಹಾಕ್ತು. ಹಾರ್ಡ್‌ವೇರ್‌ನಲ್ಲಿ ನಿಜವಾಗಿ ಬರೋ ಬಾಡ್ 107142, ಹತ್ರ ಹತ್ರ 7 ಪರ್ಸೆಂಟ್ ಕಮ್ಮಿ. ಸ್ಟಾರ್ಟ್ ಬಿಟ್‌ನಿಂದ ಸ್ಟಾಪ್ ಬಿಟ್ ತನಕ ಹತ್ತು ಬಿಟ್, ಪ್ರತಿ ಬಿಟ್‌ಗೂ ಅಷ್ಟಷ್ಟೇ ಜಾರ್ತಾ ಜಾರ್ತಾ ಕೊನೆಗೆ ಬರೋ ಹೊತ್ತಿಗೆ ಅರ್ಧ ಬಿಟ್‌ಗಿಂತ ಜಾಸ್ತಿ ಜಾರಿರತ್ತೆ, ಅಂದ್ರೆ ಎದುರು ಕಡೆ ಪಕ್ಕದ ಬಿಟ್ ಓದ್ತಿರತ್ತೆ. ಕಸ ಅಂದ್ರೆ ಇದೇ. ವಿಶೇಷ ಏನಂದ್ರೆ ಅದೇ ತಪ್ಪು ಇಟ್ಕೊಂಡೇ 9600ಕ್ಕೆ ಇಳಿಸಿದ್ರೆ ವ್ಯತ್ಯಾಸ 4 ಪರ್ಸೆಂಟ್‌ಗೆ ಬರತ್ತೆ, ಕೆಲವು ಅಕ್ಷರ ಸರಿ ಕೆಲವು ತಪ್ಪು ಕಾಣ್ಬೋದು, ಆಗ ಜನ ಕೇಬಲ್ ಸರಿ ಇಲ್ಲ ಅಂದ್ಕೊಂಡು ಕೇಬಲ್ ಬದಲಿಸ್ತಾ ಕೂರ್ತಾರೆ.

ಡ್ರೈವರ್ ಒಳಗೆ ವೇಗಾನ ನಂಬರ್ ಆಗಿ ಬರೀಬೇಡಿ, ಸಿಎಲ್‌ಕೆ_ಗೆಟ್_ರೇಟ್ ಕೇಳಿ. ಅದನ್ನೂ ಎನೇಬಲ್ ಆದ್ಮೇಲೇ ಕೇಳಿ, ಅದಕ್ಕೂ ಮುಂಚೆ ಬರೋ ಉತ್ತರಕ್ಕೆ ಗ್ಯಾರಂಟಿ ಇಲ್ಲ. 0 ಬಂದ್ರೆ ಏನು ಮಾಡ್ತೀರ ಅಂತಾನೂ ಯೋಚಿಸಿಟ್ಕೊಳಿ, ಇಲ್ದಿದ್ರೆ ಸೊನ್ನೆಯಿಂದ ಭಾಗಿಸೋಕೆ ಹೋಗಿ ಕರ್ನಲ್ ಬೀಳ್ಬೋದು. ಕ್ಲಾಕ್‌ನ ಪೇರೆಂಟ್ ಇನ್ನೂ ರಿಜಿಸ್ಟರ್ ಆಗಿಲ್ಲ ಅಂದ್ರೆ ಸೊನ್ನೆ ಬರೋದುಂಟು.

ವೇಗ ಬದಲಿಸೋಕೆ ಸಿಎಲ್‌ಕೆ_ಸೆಟ್_ರೇಟ್. ಇದು 0 ರಿಟರ್ನ್ ಮಾಡ್ತು ಅಂದ್ರೆ ನೀವು ಕೇಳಿದ್ದೇ ಸಿಕ್ತು ಅಂತಲ್ಲ, ಡಿವೈಡರ್‌ಗೆ ಸಾಧ್ಯ ಇರೋದ್ರಲ್ಲಿ ಒಂದು ಸಿಕ್ತು ಅಂತ ಅಷ್ಟೇ. ಸೆಟ್ ಮಾಡಿದ್ಮೇಲೆ ಮತ್ತೆ ಗೆಟ್_ರೇಟ್ ಕೇಳಿ, ಬಂದಿದ್ದರ ಮೇಲೆ ನಿಮ್ಮ ಲೆಕ್ಕ ಮಾಡಿ. ಮುಂಚೇನೇ ತಿಳ್ಕೊಬೇಕು ಅಂದ್ರೆ ಸಿಎಲ್‌ಕೆ_ರೌಂಡ್_ರೇಟ್ ಇದೆ, ಹಾರ್ಡ್‌ವೇರ್ ಮುಟ್ಟದೆ ಉತ್ತರ ಹೇಳತ್ತೆ.

ಇನ್ನೊಂದು ಅಪಾಯ. ಪ್ರೊವೈಡರ್ ಆ ಕ್ಲಾಕ್‌ಗೆ ಸಿಎಲ್‌ಕೆ_ಸೆಟ್_ರೇಟ್_ಪೇರೆಂಟ್ ಅನ್ನೋ ಫ್ಲ್ಯಾಗ್ ಇಟ್ಟಿದ್ರೆ ನಿಮ್ಮ ಬೇಡಿಕೆ ಮರ ಹತ್ಕೊಂಡು ಮೇಲೆ ಪಿಎಲ್‌ಎಲ್ ತನಕ ಹೋಗತ್ತೆ, ಅದೇ ಪಿಎಲ್‌ಎಲ್ ಕೆಳಗಿರೋ ಬೇರೆ ಬ್ಲಾಕ್‌ಗಳ ವೇಗಾನೂ ಬದಲಾಗತ್ತೆ. ಡಿಸ್‌ಪ್ಲೇ ರೆಸಲ್ಯೂಷನ್ ಬದಲಿಸಿದಾಗ ಆಡಿಯೋ ಸ್ವರ ಬದಲಾಯ್ತು ಅಂದ್ರೆ ಇಲ್ಲಿ ಹುಡುಕಿ. ನಿಮ್ಮ ವೇಗ ಯಾರೂ ಮುಟ್ಟಬಾರ್ದು ಅಂದ್ರೆ ಸಿಎಲ್‌ಕೆ_ರೇಟ್_ಎಕ್ಸ್‌ಕ್ಲೂಸಿವ್_ಗೆಟ್ ಕರೀರಿ, ಮುಗಿದ್ಮೇಲೆ ಅದರ ಪುಟ್ ಕರೆಯೋದನ್ನ ಮರೀಬೇಡಿ.

8. ಆಫ್ ಮಾಡೋ ಕ್ರಮ

ಪ್ರಿಪೇರ್‌ಗೂ ಎನೇಬಲ್‌ಗೂ ಬೇರೆ ಬೇರೆ ಲೆಕ್ಕ ಇರತ್ತೆ. ಎಷ್ಟು ಸಲ ಆನ್ ಮಾಡಿದ್ರೋ ಅಷ್ಟೇ ಸಲ ಆಫ್ ಮಾಡ್ಬೇಕು. ಜಾಸ್ತಿ ಆಫ್ ಮಾಡಿದ್ರೆ "ಆಲ್ರೆಡಿ ಡಿಸೇಬಲ್ಡ್" ಅಂತ ದೊಡ್ಡ ವಾರ್ನಿಂಗ್ ಬರತ್ತೆ, ಅದು ಒಳ್ಳೇದೇ, ಗೊತ್ತಾದ್ರೂ ಆಗತ್ತೆ. ಕಮ್ಮಿ ಆಫ್ ಮಾಡಿದ್ರೆ ಏನೂ ಹೇಳಲ್ಲ, ಬ್ಯಾಟರಿ ಮಾತ್ರ ಬೇಗ ಖಾಲಿ ಆಗತ್ತೆ. ಪ್ರೋಬ್‌ನ ಎರರ್ ದಾರಿಗಳನ್ನ ಒಂದೊಂದಾಗಿ ಓದಿ, ಅಲ್ಲೇ ಹೆಚ್ಚು ಸೋರೋದು.

ನಾನು ರಿವ್ಯೂ ಮಾಡೋ ಕೋಡ್‌ನಲ್ಲಿ ತುಂಬಾ ಸಲ ಕಾಣೋ ತಪ್ಪು ಇದು: ಇಂಟರಪ್ಟ್‌ನ ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ ಇಂದ ತಗೊಂಡಿರ್ತಾರೆ, ಕ್ಲಾಕ್‌ನ ಮಾತ್ರ ರಿಮೂವ್ ಫಂಕ್ಷನ್‌ನಲ್ಲಿ ಕೈಯಾರೆ ಆಫ್ ಮಾಡ್ತಾರೆ. ಡೆವ್‌ಎಂ ವಸ್ತುಗಳು ಬಿಡುಗಡೆ ಆಗೋದು ರಿಮೂವ್ ಮುಗಿದ್ಮೇಲೆ. ಅಂದ್ರೆ ಕ್ಲಾಕ್ ಆಫ್ ಆಗಿದೆ, ಇಂಟರಪ್ಟ್ ಇನ್ನೂ ಜೀವಂತ ಇದೆ. ಆ ಸಣ್ಣ ಗ್ಯಾಪ್‌ನಲ್ಲಿ ಇಂಟರಪ್ಟ್ ಬಂದ್ರೆ ಹ್ಯಾಂಡ್ಲರ್ ಹೋಗಿ ಕ್ಲಾಕ್ ಇಲ್ಲದ ರಿಜಿಸ್ಟರ್ ಮುಟ್ಟತ್ತೆ, ಬೋರ್ಡ್ ಬೀಳತ್ತೆ. ನೂರು ಸಲ ಅನ್‌ಲೋಡ್ ಮಾಡಿದ್ರೂ ಬರ್ದೆ ಇರ್ಬೋದು, ನೂರೊಂದನೇ ಸಲ ಬರತ್ತೆ. ಕ್ಲಾಕ್ ಕೂಡ ಡೆವ್‌ಎಂ ಇಂದಾನೇ, ಅದೂ ಇಂಟರಪ್ಟ್‌ಗಿಂತ ಮುಂಚೆ ತಗೊಳಿ. ಬಿಡೋದು ಉಲ್ಟಾ ಕ್ರಮದಲ್ಲಿ ಆಗೋದ್ರಿಂದ ಮೊದಲು ಇಂಟರಪ್ಟ್ ಹೋಗಿ ಆಮೇಲೆ ಕ್ಲಾಕ್ ಆಫ್ ಆಗತ್ತೆ.

ರನ್‌ಟೈಮ್ ಪಿಎಂ, ಅಂದ್ರೆ ಕೆಲಸ ಇಲ್ದಾಗ ಬ್ಲಾಕ್‌ನ ಮಲಗಿಸೋ ವ್ಯವಸ್ಥೆ, ಅದರಲ್ಲಿ ಸಸ್ಪೆಂಡ್ ಮಾಡುವಾಗ ಕ್ಲಾಕ್ ಆಫ್, ರೆಸ್ಯೂಮ್‌ನಲ್ಲಿ ಆನ್ ಮಾಡ್ತೀರ ಅಂದ್ರೆ ಗೆಟ್_ಎನೇಬಲ್ಡ್ ಜೊತೆ ಬೆರೆಸ್ಬೇಡಿ. ಮಲಗಿರೋವಾಗ ಡ್ರೈವರ್ ತೆಗೆದ್ರೆ ಒಂದೇ ಕ್ಲಾಕ್ ಎರಡು ಸಲ ಆಫ್ ಆಗತ್ತೆ. ಯಾರಾದ್ರೂ ಒಬ್ರೇ ಯಜಮಾನ ಇರಲಿ.

9. ಬಳಸದ ಕ್ಲಾಕ್ ಮುಚ್ಚೋ ಘಟ್ಟ

ಬೂಟ್ ಕೊನೆ ಹಂತದಲ್ಲಿ ಕರ್ನಲ್ ಮರ ಪೂರ್ತಿ ಸುತ್ತಿ, ಆನ್ ಇದ್ದೂ ಯಾರೂ ಎನೇಬಲ್ ಮಾಡದ ಕ್ಲಾಕ್‌ಗಳನ್ನೆಲ್ಲ ಮುಚ್ಚತ್ತೆ. ಡಿಸ್‌ಪ್ಲೇ ಕಪ್ಪಾಗೋದು ಇಲ್ಲೇ. ಪರೀಕ್ಷೆ ಸುಲಭ: ಬೂಟ್ ಆರ್ಗ್ಯುಮೆಂಟ್‌ನಲ್ಲಿ ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್ ಸೇರಿಸಿ ಬೂಟ್ ಮಾಡಿ. ಸಮಸ್ಯೆ ಹೋಯ್ತು ಅಂದ್ರೆ ಯಾವುದೋ ಡ್ರೈವರ್ ತನಗೆ ಬೇಕಾದ ಕ್ಲಾಕ್ ಕೇಳ್ತಿಲ್ಲ ಅಂತ ಖಾತ್ರಿ ಆಯ್ತು. ಅಷ್ಟಕ್ಕೇ ಇದನ್ನ ಬಳಸಿ. ಅದನ್ನ ಹಾಗೇ ಬಿಟ್ಟು ಪ್ರಾಡಕ್ಟ್ ಕಳಿಸೋದು ಸರಿಯಲ್ಲ, ಎಲ್ಲಾ ನಲ್ಲಿ ತೆರೆದಿಟ್ಟ ಹಾಗೆ, ಪವರ್ ವ್ಯರ್ಥ, ತಪ್ಪೂ ಮುಚ್ಚಿಹೋಗತ್ತೆ.

ಡಿಡಿಆರ್ (ಮೆಮೊರಿ) ಕಂಟ್ರೋಲರ್ ಥರ ಯಾವ ಡ್ರೈವರೂ ಇಲ್ದೆ ಆದ್ರೆ ಯಾವತ್ತೂ ನಿಲ್ಲಬಾರದ ಕ್ಲಾಕ್ ಇರ್ತವೆ, ಅವಕ್ಕೆ ಪ್ರೊವೈಡರ್ ಕೋಡ್‌ನಲ್ಲಿ ಸಿಎಲ್‌ಕೆ_ಈಸ್_ಕ್ರಿಟಿಕಲ್ ಫ್ಲ್ಯಾಗ್ ಇದೆ. ಅದನ್ನ ಹಾಕಿದ್ರೆ ಯಾಕೆ ಅಂತ ಪಕ್ಕದಲ್ಲಿ ಒಂದು ಕಾಮೆಂಟ್ ಬರೀರಿ, ಮುಂದೆ ಓದೋವ್ರಿಗೆ ಬೇಕು.

10. ಏನಾಗ್ತಿದೆ ಅಂತ ಕಣ್ಣಾರೆ ನೋಡಿ

/ಸಿಸ್/ಕರ್ನಲ್/ಡೀಬಗ್/ಸಿಎಲ್‌ಕೆ/ಸಿಎಲ್‌ಕೆ_ಸಮರಿ ಫೈಲ್ ಕ್ಯಾಟ್ ಮಾಡಿ. ಇಡೀ ಮರ ಕಾಣತ್ತೆ, ಮಗು ಕ್ಲಾಕ್ ಸ್ವಲ್ಪ ಒಳಗೆ ಸರಿದು ಇರತ್ತೆ. ಪ್ರತಿ ಸಾಲಲ್ಲಿ ಮೊದಲು ಹೆಸರು, ಆಮೇಲೆ ಎನೇಬಲ್ ಲೆಕ್ಕ, ಪ್ರಿಪೇರ್ ಲೆಕ್ಕ, ಪ್ರೊಟೆಕ್ಟ್ ಲೆಕ್ಕ (ವೇಗ ಬದಲಾಗದ ಹಾಗೆ ಎಷ್ಟು ಸಲ ಹಿಡಿದಿದಾರೆ ಅಂತ), ಆಮೇಲೆ ವೇಗ. ಉದಾಹರಣೆಗೆ ನಿಮ್ಮ ಎಸ್‌ಪಿಐ ಸಾಲಲ್ಲಿ "0 1 0 100000000" ಅಂತ ಕಂಡ್ರೆ ಯಾರೋ ಪ್ರಿಪೇರ್ ಮಾಡಿದಾರೆ, ಎನೇಬಲ್ ಮಾಡಿಲ್ಲ ಅಂತ. "3 3 0" ಅಂತ ಕಂಡು ಬಳಸೋ ಡ್ರೈವರ್ ಒಂದೇ ಇದ್ರೆ ಎಲ್ಲೋ ಸೋರ್ತಿದೆ. ಮೊದಲು ಹಾಳೆ ಮೇಲೆ ಬರೆದ ದಾರೀನ ಈಗ ಪಕ್ಕದಲ್ಲಿಟ್ಕೊಂಡು ಸಾಲು ಸಾಲಾಗಿ ಹೋಲಿಸಿ. ಕ್ಲಾಕ್ ತನ್ನ ಪೇರೆಂಟ್ ಕೆಳಗೆ ಕಾಣ್ತಿಲ್ಲ ಅಂದ್ರೆ ಪಕ್ಕದಲ್ಲೇ ಇರೋ ಸಿಎಲ್‌ಕೆ_ಆರ್ಫನ್_ಸಮರಿ ನೋಡಿ, ಪೇರೆಂಟ್ ಸಿಗದ ಅನಾಥ ಕ್ಲಾಕ್‌ಗಳು ಅಲ್ಲಿರ್ತವೆ, ಸಾಮಾನ್ಯವಾಗಿ ಪೇರೆಂಟ್ ಹೆಸರು ತಪ್ಪಾಗಿರತ್ತೆ.

ಇಲ್ಲಿ ಕಾಣೋ ವೇಗ ಕರ್ನಲ್ ಲೆಕ್ಕ ಹಾಕಿದ್ದು, ಅಳತೆ ಮಾಡಿದ್ದಲ್ಲ. ಮೇಲಿನ 25 ಮೆಗಾಹರ್ಟ್ಜ್ ಸುಳ್ಳು ಇಲ್ಲೂ 25 ಅಂತಾನೇ ಕಾಣತ್ತೆ. ಅನುಮಾನ ಇದ್ರೆ ಚಿಪ್‌ನ ಕ್ಲಾಕ್ ಔಟ್ ಪಿನ್ ಇದ್ಯಾ ನೋಡಿ ಆಸಿಲೋಸ್ಕೋಪ್ ಇಡಿ, ಅದೂ ಇಲ್ಲಾಂದ್ರೆ ಕ್ರಿಸ್ಟಲ್ ಮೇಲೆ ಪ್ರಿಂಟ್ ಆಗಿರೋ ನಂಬರ್ ಓದಿ.

ಬೂಟ್ ಮಧ್ಯೆ ಹ್ಯಾಂಗ್ ಆಗಿ ಫೈಲ್ ನೋಡೋಕೇ ಆಗ್ತಿಲ್ಲ ಅಂದ್ರೆ ಟ್ರೇಸಿಂಗ್ ಆನ್ ಇರೋ ಕರ್ನಲ್‌ನಲ್ಲಿ ಕ್ಲಾಕ್ ಟ್ರೇಸ್ ಈವೆಂಟ್‌ಗಳನ್ನ ಬೂಟ್ ಆರ್ಗ್ಯುಮೆಂಟ್‌ನಿಂದಲೇ ಆನ್ ಮಾಡಿ, ಜೊತೆಗೆ ಟಿಪಿ_ಪ್ರಿಂಟ್‌ಕೆ ಹಾಕಿ. ಯಾವ ಕ್ಲಾಕ್ ಯಾವಾಗ ಆನ್ ಆಯ್ತು, ಆಫ್ ಆಯ್ತು ಅನ್ನೋದೆಲ್ಲ ಸೀರಿಯಲ್‌ನಲ್ಲಿ ಸಾಲಾಗಿ ಬರತ್ತೆ. ಹ್ಯಾಂಗ್ ಆಗೋ ಮುಂಚಿನ ಕೊನೇ ಡಿಸೇಬಲ್ ಸಾಲಲ್ಲಿ ಯಾವ ಹೆಸರಿದೆಯೋ ಅಲ್ಲಿಂದಲೇ ಹುಡುಕೋಕೆ ಶುರು ಮಾಡಿ.